ಎಂಟನೆಯ ಬ್ಲೇಡಿನ ದೀಪ

ನೀಲಿ ದೀಪ ಹತ್ತಿಕೊಂಡಿತು.

“ಕಾಣ್ತಿದ್ಯಾ ಸರ್? ಅದೇ, ಎಂಟನೇದು,” ಎಂದಿತು ಹೆಡ್‌ಫೋನಿನ ದನಿ.

ಡಾಕ್ಟರು ಸ್ವೆಟರಿನ ತೋಳು ಎಳೆದುಕೊಂಡು ಬಗ್ಗಿದರು. ಎದುರಿಗಿದ್ದ ದೊಡ್ಡ ಪೆಟ್ಟಿಗೆಗೆ ಚಾಸಿಸ್ ಎಂದು ಹೆಸರು. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆ ನಿಲ್ಲಿಸಿದ ಹಾಗೆ ಅದರೊಳಗೆ ಸಾಲಾಗಿ ತೆಳ್ಳನೆಯ ಸರ್ವರುಗಳು ನಿಂತಿದ್ದವು. ಅವೇ ಬ್ಲೇಡುಗಳು. ಒಂದೊಂದರ ಮುಖಕ್ಕೂ ಒಂದು ಹಿಡಿ, ಒತ್ತಿದರೆ ಹತ್ತುವ ಒಂದು ಪುಟ್ಟ ದೀಪ. ಇಲ್ಲಿದ್ದವರು ತಪ್ಪಿ ಬೇರೆಯದಕ್ಕೆ ಕೈಹಾಕಬಾರದೆಂದು ಆ ದೀಪವನ್ನು ದೂರದ ಯಾವುದೋ ಊರಲ್ಲಿ ಕೂತ ಟ್ರೈನರ್ ಹುಡುಗಿಯೂ ತನ್ನ ಪರದೆಯಿಂದ ಹೊತ್ತಿಸಬಲ್ಲಳು, ಆರಿಸಬಲ್ಲಳು.

ಡಾಕ್ಟರು ಅಂದರೆ ಸ್ಟೆತಾಸ್ಕೋಪಿನ ಡಾಕ್ಟರಲ್ಲ. ಹಳೆಯ ಸರ್ವರುಗಳಿಗೆ ಕಿವಿ ಹಚ್ಚಿ, ಫ್ಯಾನಿನ ಸದ್ದಿನಲ್ಲೇ ಇದಕ್ಕೆ ನೆಗಡಿ, ಇದಕ್ಕೆ ಉಬ್ಬಸ ಎಂದು ಹೇಳಿಬಿಡುತ್ತಿದ್ದುದಕ್ಕೆ ಆಫೀಸಿನವರು ಇಟ್ಟ ಹೆಸರು. ಈಗ ಆ ರೋಗಿಗಳೆಲ್ಲ ಗುಜರಿ ಸೇರಿದ್ದವು. ನಿವೃತ್ತಿಗೆ ಹತ್ತಿರವಾದ ವಯಸ್ಸಿನಲ್ಲಿ ಡಾಕ್ಟರು ಮತ್ತೆ ಅ ಆ ಇ ಈಯಿಂದ ಶುರುಮಾಡಬೇಕಾಗಿತ್ತು. ಕಲಿತರೆ ಈ ಕೋಣೆಯ ಜವಾಬ್ದಾರಿ ಅವರದೇ. ಕಲಿಯದಿದ್ದರೆ ಸ್ಟೋರಿನಲ್ಲಿ ಕೂತು ಹಳೇ ಕೇಬಲ್ ಸುತ್ತಿಡುವ ಕೆಲಸ. ಯಾವುದಕ್ಕೆ ಲಾಯಕ್ಕು ಎಂದು ವರದಿ ಕೊಡಬೇಕಾದವಳು ಆ ಹುಡುಗಿ.

ಮೊದಮೊದಲು ಅವರ ಪಾಡು ನಾಯಿಪಾಡಾಗಿತ್ತು. ಚಾಸಿಸ್‌ನ ಹಿಂದಕ್ಕೆ ಹೋದರೆ ಎಡ ಬಲವಾಗುತ್ತದೆ, ಎಣಿಕೆ ತಿರುಗುಮುರುಗಾಗುತ್ತದೆ ಎಂಬುದನ್ನು ಮರೆತು ಒಮ್ಮೆ ಒಳ್ಳೆಯ ಕೇಬಲನ್ನೇ ಕಿತ್ತಿದ್ದರು. ಅವಳು ಬೈಯಲಿಲ್ಲ. ತಾನೂ ಮೊದಲ ಸಲ ಅದನ್ನೇ ಮಾಡಿದ್ದೆ ಎಂದು ನಕ್ಕಳು. ಇನ್ನೊಂದು ದಿನ ಅವರು, ಹಳೆಯ ಯಂತ್ರಗಳಿಗೆ ಇಡುತ್ತಿದ್ದ ಹಾಗೆ, ಪ್ರತಿ ಬ್ಲೇಡಿಗೂ ಒಂದು ಹೆಸರು ಬರೆದು ಅಂಟಿಸಹೊರಟಾಗ ತಡೆದಳು. ಇಲ್ಲಿ ಹೆಸರು, ವಿಳಾಸ, ಕೆಲಸ ಎಲ್ಲವೂ ಬ್ಲೇಡು ಕೂರುವ ಗೂಡಿಗೆ, ಅಂದರೆ ಸ್ಲಾಟಿಗೆ ಸೇರಿದ್ದು, ಬ್ಲೇಡಿಗಲ್ಲ. ಒಂದನ್ನು ತೆಗೆದು ಅದೇ ಜಾಗಕ್ಕೆ ಇನ್ನೊಂದನ್ನು ತೂರಿಸಿದರೆ ಹಳೆಯದರ ಹೆಸರಿನಲ್ಲೇ ಹೊಸದು ಕೆಲಸ ಮುಂದುವರಿಸುತ್ತದೆ, ಹೊರಗಿನವರಿಗೆ ಬದಲಾದದ್ದೇ ತಿಳಿಯುವುದಿಲ್ಲ ಎಂದಳು. ಡಾಕ್ಟರಿಗೆ ಅದು ಅಷ್ಟು ಹಿಡಿಸಲಿಲ್ಲ. ಆದರೂ ತಲೆಗೆ ಹೋಯಿತು.

ತಲೆಗೆ ಎಲ್ಲವೂ ಹೋಗುತ್ತಿತ್ತು. ಅಲ್ಲೇ ಕಷ್ಟ ಶುರುವಾದದ್ದು.

ಹೆಂಡತಿ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಮಾತು ಎನ್ನುವುದೇ ನಿಂತುಹೋಗಿತ್ತು. ಅಕ್ಕ ಆಗೊಮ್ಮೆ ಈಗೊಮ್ಮೆ ಫೋನು ಮಾಡಿ ಊಟ ಆಯ್ತಾ ಎಂದು ಕೇಳುವಳು, ಆಯ್ತು ಎಂದರೆ ಇಡುವಳು. ಶನಿವಾರ ಸಂಜೆ ಬಾಗಿಲು ಹಾಕಿಕೊಂಡರೆ ಸೋಮವಾರದವರೆಗೆ ಬಾಯಿ ತೆರೆಯುವ ಪ್ರಸಂಗವೇ ಇಲ್ಲ. ಸೋಮವಾರ ಹೆಡ್‌ಫೋನ್ ಹಾಕಿಕೊಂಡು “ನಮಸ್ಕಾರ ಮೇಡಂ” ಎನ್ನಹೋದರೆ ಗಂಟಲು ಕಟ್ಟಿಕೊಂಡು ಮೊದಲ ಸಲಕ್ಕೆ ದನಿಯೇ ಹೊರಡುತ್ತಿರಲಿಲ್ಲ. ಅವಳು ನೀರು ಕುಡಿದು ಬನ್ನಿ ಎನ್ನುವಳು. ಕೆಲಸದ ನಡುವೆ ಏನು ಅಡುಗೆ ಮಾಡಿಕೊಂಡಿರಿ, ಕೋಣೆಯಲ್ಲಿ ಚಳಿ ಹೆಚ್ಚಾಯಿತೇ ಎಂದು ವಿಚಾರಿಸುವಳು. ಮುಖ ನೋಡದ ಆ ಹುಡುಗಿಯ ದನಿಗಾಗಿಯೇ ಡಾಕ್ಟರು ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳುತ್ತಿದ್ದರು. ಪಾಠವೆಲ್ಲ ಕಲಿತು ಮುಗಿದರೆ ಆ ದನಿಯೂ ಮುಗಿದಂತೆಯೇ.

ಹಾಗಾಗಿ ಎಂಟನೆಯ ಬ್ಲೇಡು ಕೆಡತೊಡಗಿತು. ಉಳಿದವೆಲ್ಲ ನೆಟ್ಟಗೆ ಓಡುತ್ತಿದ್ದರೆ ಅದೊಂದು ಮಾತ್ರ ದಿನಾ ಬೆಳಗಾದರೆ ಸತ್ತು ಮಲಗಿರುತ್ತಿತ್ತು. ಅವಳು ದೀಪ ಹೊತ್ತಿಸುವಳು, ಡಾಕ್ಟರು ಅದು ನೋಡುತ್ತೇನೆ, ಇದು ನೋಡುತ್ತೇನೆ ಎಂದು ಮಧ್ಯಾಹ್ನದವರೆಗೆ ಹುಡುಕಿ, ಕೊನೆಗೆ ಹಿಡಿಯನ್ನು ಟಕ್ ಎನ್ನುವವರೆಗೆ ಒತ್ತುವರು, ಅದು ಏಳುವುದು.

ಈ ದಿನವೂ ಅವರು ಹಿಂದಿನ ಕೇಬಲಿನಿಂದ ಶುರುಮಾಡಿದರು.

“ಸರ್, ನಿನ್ನೆ ಸಂಜೆ ಎಂಟು ಚೆನ್ನಾಗೇ ಓಡ್ತಿತ್ತು,” ಎಂದಳು ಅವಳು. “ನೀವು ಹೋಗೋ ಮುಂಚೆ ಅದನ್ನ ಆರಿಸಿದ್ರಿ. ಆಮೇಲೆ ಹಿಡಿ ಸಡಿಲ ಮಾಡಿದ್ರಿ. ನಂಗಿಲ್ಲಿ ಕಾಣುತ್ತೆ.”

ಡಾಕ್ಟರಿಗೆ ಕಿವಿ ಬಿಸಿಯಾಯಿತು. ಅಷ್ಟು ದಿನ ಮೇಡಂ ಮೇಡಂ ಎನ್ನುತ್ತಿದ್ದ ಬಾಯಲ್ಲಿ ಬೇರೆಯೇ ಬಂತು.

“ತಪ್ಪಾಯ್ತು ಕಣಮ್ಮ. ನಿಂಗೆ ಮೋಸ ಮಾಡ್ಬೇಕು ಅಂತಲ್ಲ. ನೀನು ಫೋನ್ ಇಟ್ಮೇಲೆ ನಂಗೆ ಮಾತಾಡೋಕೆ ಯಾರೂ ಇಲ್ಲ.”

“ಮೊದಲ್ನೇ ಸಲಾನೇ ಗೊತ್ತಾಗಿತ್ತು ಸರ್. ನಾನೂ ಸುಮ್ನಿದ್ದೆ ಅಲ್ವಾ. ಆದ್ರೆ ನಾಳೆ ನಿಮ್ಮ ಕೈಲಿ ಹೊಸ ಚಾಸಿಸ್ ಕಟ್ಟಿಸಿ ವರದಿ ಕೊಡ್ಬೇಕು. ಅದ್ರಲ್ಲೂ ಎಂಟು ಎದ್ದಿಲ್ಲ ಅಂದ್ರೆ ನಿಮ್ಮನ್ನ ಸ್ಟೋರಿಗೆ ಕಳಿಸಿ ಅಂತ ನನ್ನ ಕೈಯಾರೆ ಬರೀಬೇಕಾಗುತ್ತೆ. ಅದೊಂದು ಮಾಡಿಸ್ಬೇಡಿ.”

ಮರುದಿನ ಡಾಕ್ಟರು ಹೊಸ ಚಾಸಿಸ್ ಒಂದನ್ನು ತಾವೇ ಸಿದ್ಧಮಾಡಿದರು. ವಿದ್ಯುತ್ ಕೊಟ್ಟರು, ಬ್ಲೇಡುಗಳನ್ನು ತೂರಿಸಿದರು, ಸ್ಲಾಟಿಗೊಂದರಂತೆ ಹೆಸರು ವಿಳಾಸ ಕೊಟ್ಟರು. ಕೊನೆಗೆ ಅವಳು ಎಂಟನೆಯದರ ದೀಪ ಹೊತ್ತಿಸಿದಳು. ಅದರ ಹಿಡಿ ಒತ್ತುವಾಗ ಅವರ ಕೈ ಒಂದು ಗಳಿಗೆ ನಿಂತಿತು. ಸ್ಟೋರಿನ ಕತ್ತಲು ನೆನಪಾಯಿತು, ಅದಕ್ಕಿಂತ ಹೆಚ್ಚಾಗಿ ಅವಳು ಬರೆಯಬೇಕಾದ ಸಾಲು ನೆನಪಾಯಿತು. ಒತ್ತಿದರು. ಟಕ್ ಎಂದಿತು.

ಎಲ್ಲ ಎದ್ದವು. ಎಲ್ಲಿಯೂ ಒಂದು ತಪ್ಪಿಲ್ಲ ಎಂದಳು. ತನ್ನನ್ನು ಬೇರೆ ಕೆಲಸಕ್ಕೆ ಹಾಕಬಹುದು, ತನ್ನ ಕುರ್ಚಿಗೆ ಇನ್ನೊಬ್ಬರು ಬರಬಹುದು, ಏನೂ ತೀರ್ಮಾನವಾಗಿಲ್ಲ ಎಂದೂ ಹೇಳಿದಳು.

“ದೀಪ ಆರಿಸ್ತೀನಿ ಸರ್. ಹೊತ್ತಿಗೆ ಸರಿಯಾಗಿ ಊಟ ಮಾಡಿ.”

ಸೋಮವಾರ ಕೋಣೆ ಡಾಕ್ಟರದೇ ಆಗಿತ್ತು. ಬಾಗಿಲಿಗೆ ಅವರ ಹುದ್ದೆಯ ಫಲಕ ಬಂದಿತ್ತು. ಬಂದವರು ಭೇಷ್ ಎಂದು ಬೆನ್ನು ತಟ್ಟಿ, ಚಳಿ ತಾಳಲಾರದೆ ಓಡಿಹೋದರು. ಯಾವುದೂ ಕೆಟ್ಟಿರಲಿಲ್ಲ, ಯಾರಿಗೂ ಫೋನು ಮಾಡುವಂತಿರಲಿಲ್ಲ. ಹೆಡ್‌ಫೋನ್ ಗೂಟದಲ್ಲಿ ನೇತಾಡುತ್ತಿತ್ತು.

ಮಧ್ಯಾಹ್ನದವರೆಗೆ ತಡೆದುಕೊಂಡರು. ಆಮೇಲೆ ಎಂಟನೆಯದರ ಮುಂದೆ ಬಗ್ಗಿ ದೀಪವನ್ನು ಬೆರಳಿನಿಂದ ತಾವೇ ಒತ್ತಿದರು. ಇಲ್ಲಿ ಹತ್ತಿದರೆ ಅಲ್ಲಿಯ ಪರದೆಯಲ್ಲೂ ಹತ್ತುತ್ತದೆ ಎಂದು ಅವಳೇ ಕಲಿಸಿದ್ದಳು. ಅದರ ಎದುರು ಸ್ಟೂಲು ಹಾಕಿಕೊಂಡು ಕೂತರು. ದೀಪ ಉರಿಯುತ್ತಲೇ ಇತ್ತು. ಅಲ್ಲಿ ಯಾರೂ ಇಲ್ಲವೇನೋ, ಇದ್ದರೂ ಯಾರಿಗೆ ಬೇಕಾಗಿದೆ ಎಂದುಕೊಂಡು ಎದ್ದು, ಹೊರಗೆ ಹೋಗಿ ಒಬ್ಬರೇ ಊಟ ಮಾಡಿದರು, ಡಬ್ಬಿ ತೊಳೆದರು.

ಮರಳಿ ಬಂದಾಗ ದೀಪ ಆರಿತ್ತು.

ಡಾಕ್ಟರು ಬಾಗಿಲಲ್ಲೇ ನಿಂತರು. ಕೋಣೆಯ ಬೀಗದ ಕೈ ಅವರ ಜೇಬಿನಲ್ಲೇ ಇತ್ತು; ಒಳಗೆ ಯಾರೂ ಬಂದಿರಲಿಲ್ಲ. ಆರಿಸಿದ್ದು ಅವಳೋ, ಅವಳ ಕುರ್ಚಿಗೆ ಬಂದ ಇನ್ನೊಬ್ಬರೋ, ತಿಳಿಯುವ ದಾರಿ ಇರಲಿಲ್ಲ. ತಾವು ಡಬ್ಬಿ ತೊಳೆಯುತ್ತಿದ್ದ ಹೊತ್ತಿನಲ್ಲಿ ಅತ್ತ ಯಾರೋ ನೋಡಿದ್ದರು. ಡಬ್ಬಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಈ ಕೋಣೆಯಲ್ಲಿ ಒಂದು ಹನಿಯೂ ಬೀಳಬಾರದೆಂದು ಅವರಿಗೆ ಗೊತ್ತಿತ್ತು. ಮೊಣಕಾಲೂರಿ ಕೂತು, ಕಣ್ಣನ್ನು ದೀಪದಿಂದ ಕೀಳದೆ, ಸ್ವೆಟರಿನ ತೋಳಿನಿಂದ ನೆಲ ಒರೆಸತೊಡಗಿದರು.