ಹೆಗಲ ಮೇಲಿನ ತಾಳ

ತೀನೆಕೆ ಚೆನ್ನಾಗಿ ಹಾಡುತ್ತಾಳೆಂದು ಮೆಖೆಲೆನ್ ಊರಿಗೆಲ್ಲ ಗೊತ್ತಿತ್ತು, ಒಡೀಲ್ ಮೇಷ್ಟರೊಬ್ಬರನ್ನು ಬಿಟ್ಟು. ಆಪೆರಾ ಶಾಲೆಯಲ್ಲಿ ಕಲಿತ ದನಿಯ ನಡುಕ ಬಿಡಿಸಲು ಅವರು ಒಂದು ಚಳಿಗಾಲವಿಡೀ ಅವಳಿಂದ ಬರೀ ‘ಆ’ ಎನ್ನಿಸಿದರು. ಆಮೇಲೆ ಆರುನೂರು ವರ್ಷ ಹಳೆಯ ಸ್ವರಲಿಪಿ ಓದುವುದನ್ನು ಕಲಿಸಿದರು. ಬೆಳಗ್ಗೆ ಬ್ರೆಡ್ ಅಂಗಡಿಯ ಕೆಲಸ, ಮಧ್ಯಾಹ್ನ ಮೇಷ್ಟರ ಬೈಗುಳ. ಐದು ವರ್ಷ ಹೀಗೇ ಸವೆದವು.

ಮೇಷ್ಟರ ತಂಡದಲ್ಲಿ ನಾಲ್ಕೇ ಜನ. ನಾಲ್ವರೂ ಒಂದೇ ದೊಡ್ಡ ಪುಸ್ತಕದ ಮುಂದೆ ಒತ್ತಿ ನಿಂತು, ಹಾಳೆಯಲ್ಲಿ ತಂತಮ್ಮ ಪಾಲನ್ನಷ್ಟೇ ನೋಡಿ ಹಾಡಬೇಕು. ತಾಳ ಹಿಡಿದವರು ಪಕ್ಕದವರ ಹೆಗಲು ತಟ್ಟುತ್ತಿರಬೇಕು. ಮೂವತ್ತೊಂದು ವರ್ಷದಿಂದ ತಟ್ಟುತ್ತ ಬಂದದ್ದು ಮೇಷ್ಟರ ಕೈಯೇ. ಈಗ ಮೇಲಿನ ದನಿಯವಳು ಹಾಡುವುದನ್ನು ನಿಲ್ಲಿಸಿ ಆ ಜಾಗ ಖಾಲಿಯಾಗಿತ್ತು. ಇವತ್ತಿನ ಪರೀಕ್ಷೆಯಲ್ಲಿ ಗೆದ್ದರೆ ಅದು ತೀನೆಕೆಯದು. ಇಲ್ಲವಾದರೆ ಆಪೆರಾ ಮೇಳದ ಹಿಂದಿನ ಸಾಲೇ ಗತಿ.

ಪರೀಕ್ಷೆ ನಡೆದದ್ದು ಮಠದ ಗ್ರಂಥಾಲಯದಲ್ಲಿ, ಮೂಲ ಪುಸ್ತಕದ ಮುಂದೆಯೇ. ಅಲ್ಲಿಯವರೆಗೆ ಎಲ್ಲರೂ ಕಂಡದ್ದು ಅದರ ಕಪ್ಪುಬಿಳುಪು ಫೋಟೋ ಮಾತ್ರ. ಹಾಡು ಮಾತೆ ಮರಿಯಳ ಸ್ತುತಿ. ಫೋಟೋದಲ್ಲಿ ಅದರ ನಡುವೆ ಬಾಲವಿರುವ ಒಂದು ಕಪ್ಪು ಚುಕ್ಕೆಯಿತ್ತು, ಅದನ್ನು ಮೇಲಿನ ದನಿಯ ಸ್ವರವೆಂದು ಓದುತ್ತಿದ್ದರು. ಆ ಎತ್ತರದ ಸ್ವರಕ್ಕೇ ಮೇಷ್ಟರ ತಂಡ ಹೆಸರಾಗಿತ್ತು. ಹಾಡಿನ ಜೀವವೇ ಅಲ್ಲಿದೆ ಎಂದು ಅವರು ಅದೊಂದನ್ನು ವರ್ಷಗಟ್ಟಲೆ ತಿದ್ದಿದ್ದರು.

ಮಠದ ಸಿಸ್ಟರ್ ಹಾಳೆ ಎತ್ತಿ ಮಗುಚಿದಾಗ ಕಿಟಕಿಯ ಬೆಳಕು ಹಾಳೆಯಲ್ಲೊಂದು ಕಡೆ ಈಚೆ ತೂರಿತು. ತೀನೆಕೆ ಬಗ್ಗಿ ನೋಡಿದಳು. ಸರಿಯಾಗಿ ಆ ಸ್ವರದ ಜಾಗ ಅದು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟರ ಕೈ ಹೆಗಲ ಮೇಲೆ ಬಿತ್ತು, ಹಾಡು ಶುರುವಾಯಿತು.

ಆ ಸ್ವರ ಹಾಡಲೋ ಬಿಡಲೋ ಎಂದು ಅವಳು ಇನ್ನೂ ತೀರ್ಮಾನಿಸಿರಲಿಲ್ಲ. ಆ ಜಾಗ ಬಂತು. ಅವಳು ಸುಮ್ಮನಾದಳು.

ಆ ಒಂದು ತಟ್ಟಿನಷ್ಟು ಹೊತ್ತು, ಇಷ್ಟು ವರ್ಷ ಆ ಸ್ವರದಡಿ ಹೂತುಹೋಗಿದ್ದ ಕೆಳದನಿ ಮೇಲೆದ್ದು ಬಂದು ‘ಮರಿಯ’ ಎಂದಿತು, ತಾಯನ್ನು ಮೆಲ್ಲಗೆ ಕರೆದಂತೆ. ತೀನೆಕೆಗೆ ಹೊಳೆಯಿತು. ಎಂದೋ ಸತ್ತ, ಹೆಸರೂ ಗೊತ್ತಿಲ್ಲದ ಯಾರೋ ಒಬ್ಬ ಈ ಕರೆ ಕೇಳಲೆಂದೇ ಅಲ್ಲಿ ಜಾಗ ಬಿಟ್ಟಿದ್ದ. ಕೈ ಮಾತ್ರ ತಟ್ಟುತ್ತಲೇ ಇತ್ತು. ಹಾಡು ಮುಗಿಯಿತು.

“ಬಿಟ್ಬಿಟ್ಟೆಯಲ್ಲ,” ಎಂದರು ಮೇಷ್ಟರು.

“ಅಲ್ಲಿ ಸ್ವರಾನೇ ಇಲ್ಲ ಮೇಷ್ಟ್ರೇ. ಹುಳ ಕೊರೆದಿರೋ ತೂತು ಅದು. ನಾವು ಬಾಲ ಅಂದ್ಕೊಂಡಿದ್ದು, ಸುಮ್ನಿರು ಅಂತ ಹಾಕಿರೋ ಗೆರೆ.”

ಸಿಸ್ಟರ್ ಹಾಳೆಯಡಿ ಒಂದು ಬಿಳಿ ಕಾಗದ ಸರಿಸಿದರು. ಕಪ್ಪು ಚುಕ್ಕೆ ಬೆಳ್ಳಗಾಯಿತು. ಫೋಟೋದಲ್ಲಿ ಕಂಡದ್ದು ತೂತಿನೊಳಗಿಂದ ಇಣುಕಿದ ಕೆಳಗಿನ ಹಾಳೆಯ ಶಾಯಿ. ಮೇಷ್ಟರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು.

“ಮೂವತ್ತೊಂದು ವರ್ಷ ಹುಳದ ಹತ್ರ ಪಾಠ ಹೇಳಿಸ್ಕೊಂಡಿದೀನಿ,” ಎಂದರು. ಅವರ ಕಣ್ಣು ತುಂಬಿತ್ತು. “ಆ ಕರೆ ಕೇಳ್ತಾ ನನ್ನ ಕೈ ತಾಳ ತಪ್ಪದೆ ಇದ್ದಿದ್ದೇ ಹೆಚ್ಚು. ಇನ್ನೊಂದ್ಸಲ ಕೇಳ್ಬೇಕು ನಂಗೆ.”

ಅವರು ತೀನೆಕೆಯ ಕೈ ಹಿಡಿದು ತಮ್ಮ ಹೆಗಲ ಮೇಲಿಟ್ಟುಕೊಂಡರು.

“ತಟ್ಟು ಮಗಳೇ,” ಎಂದರು.