ಏಳನೇ ಮಹಡಿಯ ಬಾವಿ

ನನ್ನ ಪುಸ್ತಕ ಓದಿ ಒಬ್ಬ ವಾಚ್‌ಮನ್ ಕಳ್ಳನಾದನಂತೆ. ಹಾಗಂತ ಟಿ.ವಿ.ಯವರು ಮಧ್ಯಾಹ್ನವಿಡೀ ಬೊಬ್ಬೆ ಹೊಡೆದರು. ತಣಿಸಂದ್ರದ ಅಪಾರ್ಟ್‌ಮೆಂಟೊಂದರ ಏಳನೇ ಮಹಡಿಯಲ್ಲಿ ಒಡವೆ ಕಳುವಾಗಿದೆ, ಶಿವಪುತ್ರ ಎಂಬ ವಾಚ್‌ಮನ್ ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನೆ, ಅವನ ಹೇಳಿಕೆಗೂ ಧನಲಕ್ಷ್ಮಿ ಎಂಬ ಪತ್ತೇದಾರಿ ಲೇಖಕಿಯ ಕಾದಂಬರಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆ ಧನಲಕ್ಷ್ಮಿ ನಾನೇ. ಇಂಥ ಪುಸ್ತಕಗಳನ್ನು ನಿಷೇಧಿಸಬೇಕೋ ಬೇಡವೋ ಎಂದು ನಾಲ್ವರು ಕೂತು ಕಿತ್ತಾಡಿದರು. ನಾಲ್ವರಲ್ಲಿ ಒಬ್ಬನೂ ಅದನ್ನು ಓದಿರಲಿಲ್ಲ.

ಮೈಯೆಲ್ಲ ಉರಿದುಹೋಯಿತು. ಜಾಲಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದುಕೊಂಡೇ ಮೂವತ್ತು ವರ್ಷ ಬರೆದವಳು ನಾನು. ಪುಸ್ತಕಗಳಲ್ಲಿ ಕಡಿಮೆಯೆಂದರೂ ನಲವತ್ತು ಜನರನ್ನು ಕೊಂದಿದ್ದೇನೆ. ಅವನ್ನು ಓದಿ ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಜಿರಲೆಯೂ ಸತ್ತಿಲ್ಲ. ಹೆಂಡತಿಗೆ ಸೀಮೆಎಣ್ಣೆ ಸುರಿದವರು, ಕೆರೆ ನುಂಗಿ ಸೈಟು ಮಾಡಿದವರು ಯಾವ ಕಾದಂಬರಿ ಓದಿದ್ದರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಚಾನೆಲ್ಲಿನವರ ಮುಖಕ್ಕೆ ರಾಚುವಂತೆ ಒಂದು ಪತ್ರ ಬರೆಯೋಣವೆಂದು ಕೂತೆ.

ಎರಡು ಸಾಲು ಬರೆಯುವಷ್ಟರಲ್ಲಿ ಒಬ್ಬ ಹೆಂಗಸು ಗೇಟು ತೆಗೆದು ಒಳಗೇ ಬಂದಳು. ಹೆಸರು ರತ್ನಕ್ಕ, ಶಿವಪುತ್ರನ ಹೆಂಡತಿ. ಸಿಂದಗಿ ಕಡೆಯವರು. ಅದೇ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಕೆಲಸ ಅವಳದು. ಕೂರಮ್ಮ ಎಂದರೆ ಕೂರಲಿಲ್ಲ.

“ನಿಮ್ಮ ಪುಸ್ತಕಾ ಓದಿ ನನ್ನ ಗಂಡ ಕಳವು ಮಾಡ್ಯಾನಂತ,” ಎಂದಳು. “ಅವಗ ಓದಾಕ ಬರಂಗಿಲ್ರೀ. ಪಗಾರಕ್ಕೂ ಹೆಬ್ಬಟ್ಟು ಒತ್ತತಾನ. ನೀವು ಅವನ ಬಗ್ಗೆ ಯಾಕ ಬರದ್ರಿ?”

ನನಗೂ ಸಿಟ್ಟು ಬಂತು. ಆ ಪುಸ್ತಕ ಬಂದು ಹನ್ನೆರಡು ವರ್ಷವಾಯಿತು, ನಿನ್ನ ಗಂಡ ಯಾರೆಂದೇ ನನಗೆ ಗೊತ್ತಿಲ್ಲ, ಟಿ.ವಿ.ಯವರನ್ನು ಹೋಗಿ ಕೇಳು ಎಂದು ರೇಗಿದೆ. ಅವಳು ಸೆರಗಿನ ಒಳಗಿಂದ ಒಂದು ಜೆರಾಕ್ಸ್ ಪ್ರತಿ ತೆಗೆದು ಕೊಟ್ಟಳು. ಅವರ ವಕೀಲೆ ನಂದಿತಾ ತೆಗೆಸಿಕೊಟ್ಟ ಹೇಳಿಕೆಯ ನಕಲು.

“ಕತ್ತಲೆಯು ಕರಿಯ ಕಂಬಳಿಯಂತೆ ಕವಿದಿರಲು, ನಾನು ಒಡವೆಗಳ ಗಂಟನ್ನು ಹಗ್ಗಕ್ಕೆ ಬಿಗಿದು ಹಿತ್ತಲ ಬಾವಿಯೊಳಗೆ ಮೆಲ್ಲನೆ ಇಳಿಬಿಟ್ಟೆನು.”

ಒಂದಕ್ಷರ ಬಿಡದೆ ನನ್ನದೇ ವಾಕ್ಯ. ಆ ಕರಿಯ ಕಂಬಳಿಯ ಬಗ್ಗೆ ನನಗೆ ಈಗಲೂ ನಾಚಿಕೆಯಿದೆ. ಕೆಳಗೆ ಶಿವಪುತ್ರನ ಹೆಬ್ಬೆಟ್ಟು. ಸಿಂದಗಿಯ ಮನುಷ್ಯ “ಕವಿದಿರಲು” ಎನ್ನುತ್ತಾನೆಯೇ? ಹೋಗಲಿ, ಏಳನೇ ಮಹಡಿಗೆ ಎಲ್ಲಿಯ ಹಿತ್ತಲು, ಎಲ್ಲಿಯ ಬಾವಿ? ಅಲ್ಲಿ ಬಾವಿ ಇದೆಯೇನಮ್ಮ ಎಂದು ಕೇಳಿದೆ. ಟ್ಯಾಂಕರ್ ನೀರು ತುಂಬುವ ಸಂಪು ಬಿಟ್ಟರೆ ಏನೂ ಇಲ್ಲ ಎಂದಳು. ಗಂಡ ಜೈಲಿಗೆ ಹೋಗಿ ಒಂದು ವಾರವಾಗಿತ್ತು. ಬೇಲ್ ಅರ್ಜಿ ಶುಕ್ರವಾರಕ್ಕಿತ್ತು.

ಮರುದಿನ ಬೆಳಿಗ್ಗೆಯೇ ಠಾಣೆಗೆ ಹೋದೆ. ಯಾವ ಠಾಣೆ ಎಂದು ಹೇಳುವುದಿಲ್ಲ, ಹೇಳಿದರೆ ನನ್ನ ಮೇಲೂ ಒಂದು ಹೇಳಿಕೆ ತಯಾರಾದೀತು. ಠಾಣೆಯಲ್ಲಿ ಕಾಗದಪತ್ರ ಬರೆಯುವ ಪೊಲೀಸಪ್ಪನಿಗೆ ರೈಟರ್ ಎನ್ನುತ್ತಾರೆ. ಅಲ್ಲಿಯ ರೈಟರ್ ಸುಬ್ರಮಣಿ. ನನ್ನ ಹೆಸರು ಹೇಳಿದ್ದೇ ತಡ, ಕುರ್ಚಿಯಿಂದ ಎದ್ದು ಕೈಮುಗಿದ. ಕಾಫಿ ತರಿಸಿದ. ಮೇಜಿನ ಡ್ರಾಯರಿನಿಂದ ನನ್ನ ಪುಸ್ತಕ ತೆಗೆದು ತೋರಿಸಿದ. ಅಂಚು ಸವೆದು, ಅಲ್ಲಲ್ಲಿ ಪೆನ್ಸಿಲ್ ಗೀಟು ಬಿದ್ದು, ಮಕ್ಕಳ ಪಠ್ಯಪುಸ್ತಕದ ಹಾಗೆ ಆಗಿತ್ತು. ಒಂದು ಗಳಿಗೆ ಒಳಗೊಳಗೇ ಹಿಗ್ಗಿದೆ. ಥೂ, ನನ್ನ ಜನ್ಮಕ್ಕಿಷ್ಟು.

“ಮೇಡಂ, ದಿನಕ್ಕೆ ನಾಲ್ಕು ಹೇಳಿಕೆ ಬರೀಬೇಕು,” ಎಂದ ಸುಬ್ರಮಣಿ, ಒಂದಿಷ್ಟೂ ಅಳುಕದೆ. “ಈ ನನ್ಮಕ್ಳು ನೆಟ್ಟಗೆ ಹೇಳಲ್ಲ. ನಾನು ಮಾಡಿಲ್ಲ ಸ್ವಾಮಿ, ನಾನು ಮಾಡಿಲ್ಲ ಸ್ವಾಮಿ, ಇಷ್ಟೇ. ಅದನ್ನ ಬರೆದ್ರೆ ಹೇಳಿಕೆ ಆಗುತ್ತಾ? ನಿಮ್ ಭಾಷೇಲಿ ಒಂದು ಓಟ ಇದೆ, ಅದಕ್ಕೇ ತಗೊಂಡೆ. ಬಾವಿ ಒಂದು ಬದಲಾಯಿಸ್ಬೇಕಿತ್ತು, ಮರೆತೆ.”

“ಒಬ್ಬ ಮನುಷ್ಯ ಜೈಲಲ್ಲಿದ್ದಾನೆ ಕಣ್ರೀ,” ಎಂದೆ.

ಅದಕ್ಕೇನಂತೆ, ಬೇಲ್ ಸಿಗುತ್ತೆ ಬಿಡಿ ಎಂದ. ಕಳವಾದ ದಿನ ಗೇಟಿನಲ್ಲಿ ಡ್ಯೂಟಿಯಲ್ಲಿದ್ದವನು ಶಿವಪುತ್ರನೊಬ್ಬನೇ, ಹಾಗಾಗಿ ಹಿಡಿದದ್ದು ಸರಿಯಾಗಿಯೇ ಇದೆಯಂತೆ. ಕೊನೆಗೆ ನಾವಿಬ್ಬರೂ ರೈಟರೇ ಅಲ್ಲವೇ ಮೇಡಂ ಎಂದು ನಕ್ಕ. ಕಾಫಿ ಮುಟ್ಟದೆ ಎದ್ದು ಬಂದೆ.

ಶುಕ್ರವಾರ ನಂದಿತಾ ನನ್ನ ಪುಸ್ತಕದ ಪುಟವನ್ನೂ ಹೇಳಿಕೆಯನ್ನೂ ಅಕ್ಕಪಕ್ಕ ಇಟ್ಟು ನ್ಯಾಯಾಧೀಶರಿಗೆ ಕೊಟ್ಟಳು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಸರ್ಕಾರಿ ವಕೀಲರು ಎದ್ದು, ಆರೋಪಿಗೆ ಓದಲು ಬಾರದಿದ್ದರೇನು, ಯಾರೋ ಓದಿ ಹೇಳಿರಬಹುದು, ಕಾದಂಬರಿಯಿಂದ ಪ್ರೇರಣೆ ಪಡೆದಿರಬಹುದು ಎಂದರು. ನ್ಯಾಯಾಧೀಶರು ಎರಡನ್ನೂ ಎರಡೆರಡು ಸಲ ಓದಿದರು. ಆಮೇಲೆ ಲೇಖಕಿ ಬಂದಿದ್ದಾರೆಯೇ ಎಂದು ವಿಚಾರಿಸಿ ನನ್ನನ್ನು ಮುಂದೆ ಕರೆದರು. ನಿಮ್ಮ ಕಾದಂಬರಿಯಿಂದ ಅಪರಾಧಕ್ಕೆ ಪ್ರೇರಣೆ ಸಿಗಬಹುದು ಎನ್ನುತ್ತೀರಾ ಎಂದು ಕೇಳಿದರು.

ಮೂವತ್ತು ವರ್ಷದಿಂದ ಇದಕ್ಕೆ ಇಲ್ಲ, ಸಾಧ್ಯವೇ ಇಲ್ಲ ಎಂದು ಜಗಳವಾಡಿದವಳು ನಾನು.

“ಸಿಕ್ಕಿದೆ ಸ್ವಾಮಿ,” ಎಂದೆ. “ಆದ್ರೆ ನನ್ನ ಪುಸ್ತಕ ಓದಿ ಅಪರಾಧ ಮಾಡಿದೋರು ಠಾಣೆಯ ಒಳಗಡೆ ಕೂತಿದ್ದಾರೆ. ಇವನಿಗೆ ಓದೋಕೇ ಬರಲ್ಲ.”

ಬೇಲ್ ಸಿಕ್ಕಿತು. ಸುಬ್ರಮಣಿಗೆ ನೋಟೀಸು ಹೋಯಿತು. ಗೆದ್ದೆ ಎಂದುಕೊಂಡು, ಭಾನುವಾರ ಅರ್ಧ ಕೆ.ಜಿ. ಮೈಸೂರ್ ಪಾಕ್ ಕಟ್ಟಿಸಿಕೊಂಡು ತಣಿಸಂದ್ರಕ್ಕೆ ಹೋದೆ.

ಶಿವಪುತ್ರ ಅಪಾರ್ಟ್‌ಮೆಂಟಿನ ಹಿಂದಿನ ತಗಡಿನ ಮನೆಯಲ್ಲಿ ಮಲಗಿದ್ದ. ನನ್ನನ್ನು ಕಂಡು ಗೋಡೆ ಹಿಡಿದುಕೊಂಡು ಎದ್ದ. ಪಾದಗಳು ಊದಿ ನೀಲಿಗಟ್ಟಿದ್ದವು, ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಇವರೇ ಅದನ್ನು ಬರೆದವರು ಎಂದು ರತ್ನಕ್ಕ ಹೇಳಿದಳು. ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ. ಬಹಳ ದಿನದಿಂದ ಕೇಳಬೇಕೆಂದಿದ್ದವನ ಹಾಗೆ ನನ್ನ ಮುಖ ನೋಡಿದ.

“ಸಾಹೇಬ್ರು ಆ ಕಾಗದಾ ಓದಿದ್ಮ್ಯಾಲ, ಬಾವಿ ತೋರಸು ಅಂತ ಮೂರ ದಿನಾ ಬಡದಾರ್ರೀ ಅಕ್ಕಾರ,” ಎಂದ. “ಗೊತ್ತಿದ್ರ ತೋರಸ್ತಿದ್ನಿ. ಎಲ್ಲಿ ಐತ್ರಿ ಅದು?”

“ಎಲ್ಲೂ ಇಲ್ಲಪ್ಪ,” ಎಂದೆ. “ನಾನು ಸುಮ್ನೆ ಬರ್ದಿದ್ದು.”