ಮಾವನ ಕೋಣೆಗೆ ಬಂದ ಡಿಸ್ಕುಗಳು

ಕೊರಿಯರ್‌ನವನು ಪೆಟ್ಟಿಗೆಯನ್ನು ದಡಾರನೆ ಬಾಗಿಲಲ್ಲಿ ಇಳಿಸಿ, "ಏನ್ ಮೇಡಂ, ಇಟ್ಟಿಗೆ ತರಿಸಿದ್ರಾ?" ಎಂದ. ಅವನು ಇಳಿಸಿದ ರೀತಿಗೆ ಆ ಮನೆಯ ಸೊಸೆಯ ಎದೆ ಧಸಕ್ಕೆಂದಿತು. ಒಳಗಿದ್ದದ್ದು ನಾಲ್ಕು ಹಾರ್ಡ್ ಡಿಸ್ಕು. ಹೊಸವೇನಲ್ಲ. ಯಾವುದೋ ದೊಡ್ಡ ಕಂಪನಿಯ ಸರ್ವರ್ ಕೋಣೆಯಲ್ಲಿ ಐದು ವರ್ಷ ಹಗಲೂ ರಾತ್ರಿ ತಿರುಗಿದವು. ಕಂಪನಿ ಹೊಸದನ್ನು ಕೊಂಡಾಗ ಬೀದಿಗೆ ಬಿದ್ದಿದ್ದವು. ಹಳೆ ಡಿಸ್ಕುಗಳ ವ್ಯಾಪಾರಿಯೊಬ್ಬ ಅವನ್ನು ಎತ್ತಿಕೊಂಡು, ಒಳಗಿದ್ದದ್ದನ್ನೆಲ್ಲ ಅಳಿಸಿ, ಪರೀಕ್ಷೆ ಮಾಡಿ ಮಾರುತ್ತಿದ್ದ.

ಸೊಸೆ ಮನೆಯಲ್ಲೇ ಕೂತು ಮದುವೆ ವಿಡಿಯೊ ಎಡಿಟ್ ಮಾಡುವವಳು. ಹೋದ ತಿಂಗಳು ಅವಳ ಡಿಸ್ಕೊಂದು ಹೇಳದೆ ಕೇಳದೆ ಕಣ್ಣು ಮುಚ್ಚಿತು, ಹೋಗುವಾಗ ಒಂದು ಮದುವೆಯ ಅರ್ಧವನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಹೆಣ್ಣಿನ ಕಡೆಯವರೆಲ್ಲ ಕ್ಷೇಮವಾಗಿ ಉಳಿದರು, ಗಂಡು ಮಾತ್ರ ಒಂದು ಕೈಯ ಹೊರತು ಎಲ್ಲೂ ಕಾಣಲಿಲ್ಲ. ಅವನ ತಾಯಿ ಫೋನಿನಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಅಂದಿನಿಂದ ಸೊಸೆಗೆ ಒಂದೇ ಹಟ. ಎಲ್ಲವೂ ಎರಡೆರಡು ಪ್ರತಿ ಇರಬೇಕು, ಒಂದು ಡಿಸ್ಕು ಸತ್ತರೆ ಇನ್ನೊಂದು ಸಂಸಾರ ನಡೆಸಬೇಕು. ಹೊಸ ಡಿಸ್ಕುಗಳ ಬೆಲೆ ಕೇಳಿ ತಲೆ ತಿರುಗಿದ್ದರಿಂದ ಹಳೆಯವಕ್ಕೆ ಕೈ ಹಾಕಿದ್ದಳು.

ಅವಳದು ಒಂದು ಕೆಟ್ಟ ಸ್ವಭಾವ. ಏನಾದರೂ ಯಾಕೆ ಹೀಗೆ ಎಂದು ಅನ್ನಿಸಿತೋ, ಅದರ ಬುಡ ಸಿಗುವ ತನಕ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಮೊದಲ ದಿನ ನಾಲ್ಕರಲ್ಲಿ ಒಂದೂ ತಿರುಗಲಿಲ್ಲ. ವ್ಯಾಪಾರಿಗೆ ಫೋನ್ ಮಾಡಿದಳು.

"ಅಕ್ಕ, ಅವು ಕೆಟ್ಟಿಲ್ಲ. ಕಂಪನಿಯ ಮಷೀನಿಗೆ ಅಂತ ಮಾಡಿದವು ಅವು. ಪವರ್ ಕಡೆಯ ಮೂರನೇ ಪಿನ್ನಿಗೆ ಕರೆಂಟ್ ಹೋದ್ರೆ ಮಲಗು ಅಂದ ಹಾಗೆ ತಿಳ್ಕೊಳ್ತವೆ. ಮನೆ ಕಂಪ್ಯೂಟರ್ ಆ ಪಿನ್ನಿಗೂ ಕರೆಂಟ್ ಕೊಡುತ್ತೆ. ಅದರ ಮೇಲೆ ಚೂರು ಟೇಪ್ ಅಂಟಿಸಿಬಿಡಿ" ಎಂದ.

ಉಗುರು ಕತ್ತರಿಯಲ್ಲಿ ಎಳೆಯಷ್ಟು ಟೇಪ್ ಕತ್ತರಿಸಿ, ಉಸಿರು ಬಿಗಿಹಿಡಿದು ಅಂಟಿಸಿದಳು. ನಾಲ್ಕೂ ಎದ್ದವು. ಎದ್ದದ್ದೇನೋ ಸರಿ, ಆದರೆ ಮನೆಯನ್ನೇ ಎಬ್ಬಿಸಿದವು. ಮನುಷ್ಯರು ವಾಸ ಮಾಡದ ಕೋಣೆಗೆಂದು ಮಾಡಿದ ಡಿಸ್ಕುಗಳಿಗೆ ಮೆಲ್ಲಗೆ ಮಾತಾಡುವುದು ಯಾರು ಕಲಿಸಬೇಕು? ಸ್ಟೀಲ್ ಡಬ್ಬಿಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಹಾಗೆ ಗರಗರ, ಕಟಕಟ. ಹಾಲಿನಲ್ಲಿಟ್ಟರೆ ಟೀವಿ ಕೇಳಿಸದು. ಅಡುಗೆಮನೆಯ ಶೆಲ್ಫಿನಲ್ಲಿಟ್ಟರೆ ತಟ್ಟೆಗಳೆಲ್ಲ ಜೊತೆಗೂಡಿದವು. ಬೀರುವಿನೊಳಗೆ ಮುಚ್ಚಿಟ್ಟರೆ ಮುಟ್ಟಲಾಗದಷ್ಟು ಬಿಸಿಯಾದವು.

ಅವಳ ಗಂಡ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವನು. "ನೋಡು, ಅವು ಇರಬೇಕು ಇಲ್ಲ ನಾನಿರಬೇಕು" ಎಂದ. ಸೊಸೆ ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಂಡದ್ದು ಅವನಿಗೆ ಹಿಡಿಸಲಿಲ್ಲ. ವಾಪಸು ಕಳಿಸುವುದೆಂದೇ ತೀರ್ಮಾನವಾಯಿತು.

ಆಗ ಮಾವ ಬಾಯಿ ಬಿಟ್ಟರು. "ನನ್ನ ಕೋಣೆಯಲ್ಲಿಡಮ್ಮ. ಅದೇನು ಮಹಾ ಸದ್ದು?"

ಮಾವ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಎರಡು ವರ್ಷದ ಹಿಂದೆ, ವಯಸ್ಸಾಯಿತು ಎಂದು ಹೇಳಿ ತಾವಾಗಿಯೇ ಕೆಲಸ ಬಿಟ್ಟಿದ್ದರು. ಬಿಟ್ಟ ಮೇಲೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆಯುವುದೇ ಅವರ ಕೆಲಸವಾಗಿತ್ತು. ಹೋದ ವಾರ ಹಳೆಯ ಕಂಪನಿಯಿಂದ ಮೆಸೇಜ್ ಬಂತು. ಹಳೆ ಕಟ್ಟಡಗಳ ಲಿಫ್ಟುಗಳು ಕೈಕೊಡುತ್ತಿವೆ, ಅವುಗಳ ರೋಗ ಕಿವಿಯಲ್ಲೇ ಹಿಡಿಯುವವರು ನೀವೊಬ್ಬರೇ, ಸೋಮವಾರದಿಂದ ಬನ್ನಿ ಎಂದು. ಅಂದಿನಿಂದ ಮಾವನ ಬೆನ್ನು ನೆಟ್ಟಗಾಗಿತ್ತು. ಹಳೆ ಟೂಲ್ ಬ್ಯಾಗನ್ನು ದಿನಾ ಬಿಚ್ಚುವುದು, ಒರೆಸುವುದು, ಕಟ್ಟುವುದು ನಡೆದಿತ್ತು.

ನಾಲ್ಕೂ ಡಿಸ್ಕು ಕೂರಿಸಿದ ಕಂಪ್ಯೂಟರ್ ಪೆಟ್ಟಿಗೆ ಮಾವನ ಮೇಜಿಗೆ ಹೋಯಿತು. ಪಾಪ, ಸೊಸೆಗೋಸ್ಕರ ಸಹಿಸಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಮೊದಲು ಅನ್ನಿಸಿತು. ಮಧ್ಯಾಹ್ನ ಇಣುಕಿದರೆ, ನಾಲ್ಕು ಡಿಸ್ಕೂ ಒಟ್ಟಿಗೆ ಬರೆಯುತ್ತ ಮೇಜಿನ ಮೇಲಿನ ಲೋಟದ ನೀರು ನಡುಗುತ್ತಿದೆ, ಮಾವ ಮಾತ್ರ ಮಗುವಿನ ಹಾಗೆ ನಿದ್ದೆ ಹೊಡೆಯುತ್ತಿದ್ದಾರೆ. ಸಹಿಸಿಕೊಳ್ಳುವವರು ಹೀಗೆ ಗೊರಕೆ ಹೊಡೆಯುವುದಿಲ್ಲ. ಮೂರು ಮಹಡಿ ಆಚೆಯಿಂದ ಬೇರಿಂಗ್ ಕೆಟ್ಟದ್ದನ್ನು ಹೇಳುತ್ತಿದ್ದ ಕಿವಿಗೆ ತಲೆದಿಂಬಿನ ಪಕ್ಕದ ಗರಗರ ಯಾಕೆ ಕೇಳಿಸುತ್ತಿಲ್ಲ? ಆ ಪ್ರಶ್ನೆ ಅವಳ ತಲೆ ಹೊಕ್ಕಿತು. ಹೊಕ್ಕ ಮೇಲೆ ಮುಗಿಯಿತು.

ಡಿಸ್ಕುಗಳನ್ನು ಪರೀಕ್ಷೆ ಮಾಡದೆ ನಂಬಬಾರದೆಂದು ಮೂಲೆಮೂಲೆಗೂ ಬರೆದು ಓದಿ ನೋಡಿದ್ದವಳು, ಈಗ ಮಾವನ ಪರೀಕ್ಷೆಗೆ ಇಳಿದಳು. ಅವರು ಕಿಟಕಿಗೆ ಮುಖ ಮಾಡಿ, ಮೇಜಿನ ಮೇಲೆ ಟೂಲ್‌ಗಳನ್ನು ಹರಡಿಕೊಂಡು ಕೂತಿದ್ದಾಗ ಲ್ಯಾಪ್‌ಟಾಪ್ ಹಿಡಿದು ಹಿಂದೆ ನಿಂತಳು.

"ಮಾವ" ಎಂದಳು. ತಿರುಗಲಿಲ್ಲ.

"ಮಾವ, ನಿಮ್ಮ ಚಪ್ಪಲಿಗೆ ಬೆಂಕಿ ಬಿದ್ದಿದೆ."

ಮಾವ ಸ್ಪ್ಯಾನರ್ ಒರೆಸುತ್ತಲೇ ಇದ್ದರು. ಅವಳು ಲ್ಯಾಪ್‌ಟಾಪಿನಿಂದಲೇ ಪೆಟ್ಟಿಗೆಯನ್ನು ಆಫ್ ಮಾಡಿದಳು. ಗರಗರ ಇಳಿದು ಕೋಣೆ ತಣ್ಣಗಾಯಿತು. ತಕ್ಷಣ ಮಾವ ತಿರುಗಿ, "ಯಾಕೆ ನಿಲ್ಲಿಸಿದೆ?" ಎಂದರು.

ಸೊಸೆ ಪೆಚ್ಚಾದಳು. ಹಾಗಾದರೆ ಕೇಳಿಸುತ್ತಿತ್ತು. ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯೂ ಆಯಿತು. ಆಮೇಲೆ ಅವರ ಎಡಗೈ ಕಣ್ಣಿಗೆ ಬಿತ್ತು. ಅಂಗೈ, ಪೆಟ್ಟಿಗೆ ಇದ್ದ ಅದೇ ಮೇಜಿನ ಮೇಲೆ ಚಪ್ಪಟೆಯಾಗಿ ಊರಿತ್ತು.

ಅವಳು ಲ್ಯಾಪ್‌ಟಾಪನ್ನು ಬಾಯಿಗೆ ಅಡ್ಡ ಹಿಡಿದು, "ಸೋಮವಾರ ಎಷ್ಟು ಹೊತ್ತಿಗೆ ಹೊರಡ್ತೀರಿ?" ಎಂದು ಕೇಳಿದಳು.

ಮಾವ ನಕ್ಕರು. "ಹೌದೌದು, ಹಾಗೇ ಮಾಡು."

ಅವಳು ಲ್ಯಾಪ್‌ಟಾಪನ್ನು ಕೆಳಗಿಳಿಸಿದಳು. ಎದುರಿಗೆ ಕುರ್ಚಿ ಎಳೆದುಕೊಂಡು, ಮುಖ ಕೊಟ್ಟು, "ಮಾವ, ನಿಮಗೆ ಕಿವಿ ಕೇಳಿಸ್ತಿಲ್ಲ ಅಲ್ವಾ?" ಎಂದಳು.

ಮಾವನ ಕೈಯ ಬಟ್ಟೆ ಸ್ಪ್ಯಾನರಿನ ಮೇಲೆ ನಿಂತಿತು. "ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ."

"ಹೇಳ್ಬೇಡ. ಸೋಮವಾರ ಕಳ್ಕೊಂಡ್ರೆ ನಾನು ಮತ್ತೆ ಕಿಟಕಿ ಕಾಯಬೇಕು. ಮೋಟರಿನ ಮೇಲೆ ಅಂಗೈ ಇಟ್ರೆ ಸಾಕು, ಅದಕ್ಕೇನಾಗಿದೆ ಅಂತ ನನಗೆ ಗೊತ್ತಾಗುತ್ತೆ. ಹಾಕು ಆ ಪೆಟ್ಟಿಗೆ, ತೋರಿಸ್ತೀನಿ."

ಹಾಕಿದಳು. ಒಂದೇ ಡಿಸ್ಕಿಗೆ ಓದುವ ಕೆಲಸ ಕೊಟ್ಟು, ಯಾವುದೆಂದು ಹೇಳದೆ ಕೂತಳು. ಮಾವ ಕಣ್ಣು ಮುಚ್ಚಿ ಪೆಟ್ಟಿಗೆಯ ಮೇಲೆ ಬೆರಳು ಸರಿಸಿದರು. "ಇದು" ಎಂದರು. ಸರಿಯಾಗಿತ್ತು. ಅವಳು ಬೇರೆಯದಕ್ಕೆ ಬದಲಾಯಿಸಿದಳು. "ಈಗ ಆ ಕೊನೇದು. ಪಕ್ಕದ್ದು ಸುಮ್ಮನೆ ತಿರುಗ್ತಿದೆ, ಕೆಲಸ ಮಾಡ್ತಿಲ್ಲ." ಅದೂ ಸರಿ. ಸೊಸೆ ಎಲ್ಲ ಮರೆತು ಇನ್ನೊಂದು, ಮತ್ತೊಂದು ಎಂದು ಆಡಿಸಿದಳು. ಇಬ್ಬರೂ ನಕ್ಕರು. ಇಂಥ ಕೈಯನ್ನು ಮನೆಯಲ್ಲಿ ಕೂರಿಸುವುದು ಅನ್ಯಾಯವೆಂದೇ ಅವಳಿಗೆ ತೋರಿತು. ಬಾಯಿ ಮುಚ್ಚಿಕೊಂಡಿರೋಣ ಎಂದು ಮುಕ್ಕಾಲು ಪಾಲು ಮನಸ್ಸೂ ಮಾಡಿದಳು.

ಆದರೆ ಆ ಕೆಟ್ಟ ಸ್ವಭಾವ ಸುಮ್ಮನಿರಬೇಕಲ್ಲ.

"ಮಾವ, ಅಲ್ಲಿ ಕೆಳಗೂ ಇಳೀತೀರಾ?"

"ಇಳೀದೆ? ಲಿಫ್ಟಿನ ತಳದಲ್ಲಿ ಪಿಟ್ ಅಂತ ತಗ್ಗು ಇರುತ್ತೆ. ಅರ್ಧ ಕೆಲಸ ಅಲ್ಲೇ."

"ಮೇಲಿರೋನು 'ಲಿಫ್ಟ್ ಬಿಡ್ತಿದೀನಿ, ಹೊರಗೆ ಬನ್ನಿ' ಅಂತ ಕೂಗಿದ್ರೆ, ಆಗ ಕೈ ಎಲ್ಲಿಡ್ತೀರಿ?"

ಮಾವ ಅವಳ ತುಟಿಗಳನ್ನೇ ನೋಡುತ್ತಿದ್ದರು. ಮಾತು ನಿಂತ ಮೇಲೂ ನೋಡುತ್ತಲೇ ಇದ್ದರು. ನಂತರ ಟೂಲ್‌ಗಳನ್ನು ಒಂದೊಂದಾಗಿ ಬ್ಯಾಗಿಗೆ ಹಾಕತೊಡಗಿದರು.

"ಎರಡು ವರ್ಷದ ಹಿಂದೆ ಒಬ್ಬ ಹೀಗೇ ಕೂಗಿದ್ದನಂತೆ. ಜೊತೆಗಿದ್ದೋನು ನನ್ನ ಕಾಲರ್ ಹಿಡಿದು ಹೊರಗೆಳೆದ. ಮನೆಯಲ್ಲಿ ವಯಸ್ಸಾಯ್ತು ಅಂತ ಹೇಳಿದೆ."

ಪ್ರಶ್ನೆ ಕೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಸೊಸೆಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು. ಮಾವ ಜೇಬಿನಿಂದ ಫೋನ್ ತೆಗೆದು, ಸೂಪರ್‌ವೈಸರ್ ನಂಬರ್ ಹುಡುಕಿ ಅವಳ ಕೈಗಿತ್ತರು.

"ನೀನೇ ಮಾತಾಡು. ಕಿವಿ ಹೋಗಿದೆ ಅಂತ ಹೇಳು, ಸುತ್ತಿ ಬಳಸಬೇಡ. ಅವರು ಹೇಳಿದ್ದನ್ನ ನನ್ನ ಮುಖ ನೋಡಿ ಹೇಳು. ಏನನ್ನೂ ಬಿಡಬೇಡ."

ಅವಳು ಪೆಟ್ಟಿಗೆಯನ್ನು ಆಫ್ ಮಾಡಿ ಫೋನ್ ಹಚ್ಚಿದಳು. ಹೇಳಬೇಕಾದದ್ದನ್ನು ಹೇಳಿದಳು.

"ಸೋಮವಾರ ಬರೋದು ಬೇಡ ಅಂತಿದ್ದಾರೆ" ಎಂದು ಮಾವನಿಗೆ ನಿಧಾನವಾಗಿ ಹೇಳಿದಳು.

ಮಾವ ತಲೆಯಾಡಿಸಿದರು. ಅದು ಅವರಿಗೆ ಗೊತ್ತಿದ್ದದ್ದೇ.

ಸೂಪರ್‌ವೈಸರ್ ಮತ್ತೇನೋ ಹೇಳಿದರು. ಕೇಳುತ್ತ ಕೇಳುತ್ತ ಸೊಸೆಯ ಮುಖ ಬದಲಾಯಿತು. ಮಾವ ಅವಳ ತೋಳು ತಟ್ಟಿ, ಏನಂತೆ ಎಂದು ಹುಬ್ಬು ಹಾರಿಸಿದರು.

"ನಿಮ್ಮ ಜೊತೆ ಕೆಳಗೆ ಇಳಿಯೋಕೆ ಸೂಪರ್‌ವೈಸರ್ ತಮ್ಮ ಮಗನನ್ನೇ ಹಾಕಿದ್ರಂತೆ. ನೀವು ಹೇಳಿದ್ದು ಒಳ್ಳೇದಾಯ್ತು ಅಂತಿದ್ದಾರೆ" ಎಂದಳು. ಅಳು ನುಂಗಿಕೊಂಡಿದ್ದರಿಂದ ತುಟಿಗಳು ಸೊಟ್ಟಗಾಗಿದ್ದವು.

ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಗೊತ್ತಾಗ್ಲಿಲ್ಲಮ್ಮ" ಎಂದರು. "ಇನ್ನೊಂದ್ಸಲ ಹೇಳು."